ಆಸ್ಪತ್ರೆಯಲ್ಲಿ ನಿದ್ದೆ ಬರಲ್ಲ, ಸಿಸ್ಟರ್

ಜಾವಳಿ ಕಡೆಯವರಿಗೆ ಕಾಯಿಲೆ ಸ್ವಲ್ಪ ಜೋರಾದರೆ ದಾರಿ ಎರಡೇ: ಮೂಡಿಗೆರೆ ದಾಟಿ ಚಿಕ್ಕಮಗಳೂರು, ಹಾಸನ, ಇಲ್ಲವೇ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಮಂಗಳೂರು. ಎಲ್ಲಿಗೆ ಹೋಗಿ ಬಂದರೂ ಹೇಳುವ ಮಾತು ಒಂದೇ: "ಔಷಧಿ ಎಲ್ಲ ಚೆನ್ನಾಗಿ ಮಾಡಿದ್ರು, ಆದ್ರೆ ಒಂದು ರಾತ್ರಿನೂ ಕಣ್ಣು ಮುಚ್ಚಕ್ಕೆ ಆಗ್ಲಿಲ್ಲ." ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳೂ ಹೆಚ್ಚಾಗಿ ಇದೇ ವಿಷಯದವು. ನಿದ್ದೆಯೂ ಚಿಕಿತ್ಸೆಯ ಒಂದು ಭಾಗ. ಅದನ್ನು ರೋಗಿಗೆ ಒದಗಿಸುವುದು ಬಹುಮಟ್ಟಿಗೆ ರಾತ್ರಿ ಪಾಳಿಯ ನರ್ಸ್ ಕೈಯಲ್ಲಿದೆ ಎಂದು ನಾನು ನಂಬಿದ್ದೇನೆ. ಪತ್ರಗಳಲ್ಲಿ ಮನೆಯ ವಿಷಯಗಳಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ಅಮ್ಮನಿಗೆ 74 ವರ್ಷ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಘಾಟಿ ಕೆಳಗಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿದರು. ಎರಡು ರಾತ್ರಿ ನಿದ್ದೆಯೇ ಇಲ್ಲ. ಮೂರನೇ ರಾತ್ರಿ "ತೋಟಕ್ಕೆ ಆನೆ ಬಂದಿದೆ, ದನ ಒಳಗೆ ಕಟ್ಟಿ" ಎಂದು ಕೂಗಿ, ಡ್ರಿಪ್ ಸೂಜಿಯನ್ನು ಕಿತ್ತೇಬಿಟ್ಟರು. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಅರುಳುಮರುಳು ಶುರುವಾಯಿತು, ಇನ್ನು ಹೀಗೇ ಎನ್ನುತ್ತಾರೆ ನೆಂಟರು. ನಿಜವೇ? ಅವರಿನ್ನೂ ಆಸ್ಪತ್ರೆಯಲ್ಲೇ ಇದ್ದಾರೆ.
— ಮಗಳು, ಜಾವಳಿ

ಉತ್ತರ: ನೆಂಟರ ಮಾತಿಗೆ ಹೆದರಬೇಡಿ. ಅರುಳುಮರುಳು ವರ್ಷಗಟ್ಟಲೆ ಮೆಲ್ಲಗೆ ಏರುವ ಕಾಯಿಲೆ. ಒಂದೆರಡು ದಿನದೊಳಗೆ ದಿಢೀರನೆ ಬಂದು, ಹಗಲು ತಗ್ಗಿ ರಾತ್ರಿ ಜೋರಾಗುವ ಇಂಥ ಗೊಂದಲಕ್ಕೆ ಡಾಕ್ಟರುಗಳು ಡೆಲಿರಿಯಂ ಎನ್ನುತ್ತಾರೆ. ಸೊಂಟದ ಮೂಳೆಯ ಆಪರೇಷನ್ ಆದ ಹಿರಿಯರಲ್ಲಿ ಇದು ಸಾಮಾನ್ಯ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ, ಕೆಲವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಹಾಗೆಂದು "ವಯಸ್ಸಾದವರು, ಏನೋ ಮಾತಾಡ್ತಾರೆ" ಎಂದು ಬಿಡುವಂತಿಲ್ಲ. ಒಳಗೆ ಎಲ್ಲೋ ಏನೋ ಸರಿಯಿಲ್ಲ ಎಂದು ದೇಹ ಹೀಗೆ ಕೂಗಿ ಹೇಳುತ್ತಿರಬಹುದು. ಮೂತ್ರದ ಸೋಂಕು, ಮೂತ್ರ ಕಟ್ಟಿಕೊಂಡಿರುವುದು, ಮಲಬದ್ಧತೆ, ನೀರು ಸಾಲದಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಶುರುಮಾಡಿದ ಯಾವುದೋ ಮಾತ್ರೆ, ತಡೆಯಲಾಗದ ನೋವು — ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಆದ್ದರಿಂದ ಈ ಪತ್ರಿಕೆ ಮಡಿಚಿಟ್ಟು ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಹೋಗಿ. "ಅಮ್ಮ ಮೊದಲು ಹೀಗಿರಲಿಲ್ಲ, ಎರಡು ದಿನದಿಂದ ಹೀಗೆ" ಎಂಬ ಮಾತನ್ನೇ ಹೇಳಿ. ರೋಗಿ ಮೊದಲು ಹೇಗಿದ್ದರು ಎನ್ನುವುದು ನರ್ಸ್‌ಗಳಾದ ನಮಗೆ ಗೊತ್ತಿರುವುದಿಲ್ಲ. ಅದನ್ನು ಮನೆಯವರೇ ಹೇಳಬೇಕು.

ನಿದ್ದೆಗೂ ಇದಕ್ಕೂ ಎರಡೂ ಕಡೆಯಿಂದ ನಂಟಿದೆ. ನಿದ್ದೆಗೆಟ್ಟರೆ ಗೊಂದಲ ಹೆಚ್ಚುತ್ತದೆ, ಗೊಂದಲ ಹೆಚ್ಚಿದರೆ ರಾತ್ರಿ ಹಗಲಾಗುತ್ತದೆ. ನಿಮ್ಮ ಅಮ್ಮನ ಪಾಡು ಯೋಚಿಸಿ. ಜಾವಳಿಯಲ್ಲಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ, ಹೆಂಚಿನ ಮೇಲೆ ಬೀಳುವ ಮಳೆ ಕೇಳುತ್ತ ಕಂಬಳಿ ಹೊದ್ದು ಮಲಗುತ್ತಿದ್ದವರು. ಇಲ್ಲಿ ಕರಾವಳಿಯ ಸೆಕೆ, ಬೆನ್ನಿನಡಿ ರೆಕ್ಸಿನ್ ಹಾಸಿಗೆ, ರಾತ್ರಿಯಿಡೀ ಟ್ಯೂಬ್‌ಲೈಟು. ಪಕ್ಕದ ಹಾಸಿಗೆಯವರ ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ. ಕನ್ನಡಕ ಬ್ಯಾಗಿನೊಳಗೆ. ಕಿವಿಯ ಮಷಿನ್ ಇದ್ದರೆ ಅದು ಊರಿನಲ್ಲೇ ಉಳಿದಿರುತ್ತದೆ. ಕಣ್ಣು ಮಂಜು, ಕಿವಿ ಮಂದ, ಜಾಗ ಹೊಸದು. ಅಂಥ ರಾತ್ರಿಯಲ್ಲಿ ಮನಸ್ಸು ತನಗೆ ಗೊತ್ತಿರುವ ಭಯವನ್ನೇ ಕರೆದುಕೊಳ್ಳುತ್ತದೆ. ನಮ್ಮ ಕಡೆಯವರಿಗೆ ಅದು ಆನೆ.

ಕನ್ನಡಕ ಹಾಕಿ, ಕಿವಿಯ ಮಷಿನ್ ತರಿಸಿ. ಮಂಚದಿಂದ ಕಾಣುವಂತೆ ಗಡಿಯಾರವೊಂದು ಇರಲಿ. ಹಗಲು ಕಿಟಕಿಯ ಪರದೆ ಸರಿಸಿ, ಡಾಕ್ಟರು ಒಪ್ಪಿದಷ್ಟು ಹೊತ್ತು ಎಬ್ಬಿಸಿ ಕೂರಿಸಿ. ಫಿಸಿಯೋಥೆರಪಿಯವರು ಬಂದಾಗ "ಇವತ್ತು ಬೇಡ, ಸುಸ್ತಾಗಿದ್ದಾರೆ" ಎಂದು ವಾಪಸ್ ಕಳಿಸಬೇಡಿ. ಹಗಲು ಮೈ ಅಲುಗಿದರೆ ತಾನೆ ರಾತ್ರಿ ನಿದ್ದೆ? ನೋವಿನ ಮಾತ್ರೆಯನ್ನು ಮಲಗುವ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲು ಬೀಳುವಂತೆ ಹೊಂದಿಸಲು ಸಿಸ್ಟರನ್ನು ಕೇಳಿ. ನಮ್ಮ ಹಿರಿಯ ಹೆಂಗಸರು ನೋವೆಂದು ಬಾಯಿಬಿಡುವುದಿಲ್ಲ. ಹುಬ್ಬು ಗಂಟಿಕ್ಕಿದೆಯೇ, ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದಿದ್ದಾರೆಯೇ ನೋಡಿ. ಎರಡು ಕಾಲಿನ ನಡುವೆ ದಿಂಬು ಇಡಬೇಕೇ, ಯಾವ ಮಗ್ಗುಲಿಗೆ ಮಲಗಿಸಬಹುದು ಎಂಬುದನ್ನು ಆಪರೇಷನ್ ಮಾಡಿದವರ ಹತ್ತಿರವೇ ಕೇಳಿಕೊಳ್ಳಿ.

ಆನೆ ಬಂತು ಎಂದಾಗ "ಎಲ್ಲಿದೆ ಆನೆ, ಸುಮ್ನೆ ಮಲಗು" ಎಂದು ಜಗಳ ಬೇಡ. ಕೈ ಹಿಡಿದು, "ಅಮ್ಮ, ನಾವು ಆಸ್ಪತ್ರೆಯಲ್ಲಿದ್ದೀವಿ, ಕಾಲಿಗೆ ಆಪರೇಷನ್ ಆಗಿದೆ. ಮನೆಯಲ್ಲಿ ಅಣ್ಣ ಇದ್ದಾನೆ, ನಾನು ನಿನ್ನ ಪಕ್ಕದಲ್ಲೇ ಇದ್ದೀನಿ" ಎಂದು ನಿಧಾನವಾಗಿ ಹೇಳಿ. ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳಿ. ಕೈ ಕಟ್ಟಿಹಾಕಿದರೆ ಭಯ, ಗಾಬರಿ ಇನ್ನೂ ಹೆಚ್ಚುತ್ತದೆ. ಅದರ ಬದಲು ಪರಿಚಯದ ಒಬ್ಬರು ಹತ್ತಿರ ಕೂತಿರಲು ಅನುಮತಿ ಕೇಳಿ. ಮನೆಗೆ ಬಂದು ತಿಂಗಳಾದರೂ ಮರೆವು, ಗೊಂದಲ ಉಳಿದಿದ್ದರೆ ಮತ್ತೆ ತೋರಿಸಿ.

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ನಾನೊಬ್ಬಳೇ, ಜೊತೆಗೆ ಒಬ್ಬರು ಗ್ರೂಪ್ ಡಿ. ರೋಗಿಯ ನಿದ್ದೆಗೆ ನೆರವಾಗಬೇಕು ಎಂದು ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಆದರೆ ಇಷ್ಟು ಕೆಲಸದ ಮಧ್ಯೆ ಅದು ಆಗುವ ಮಾತೇ ಅಕ್ಕ?
— ನರ್ಸ್, ಮೂಡಿಗೆರೆ ತಾಲ್ಲೂಕು

ಉತ್ತರ: ಆಗುತ್ತದೆ ತಂಗಿ. ಹೊಸ ಕೆಲಸ ಏನನ್ನೂ ಸೇರಿಸಬೇಡಿ, ಇರುವ ಕೆಲಸದ ಹೊತ್ತನ್ನು ಮಾತ್ರ ಬದಲಿಸಿ.

ಒಂದು ರಾತ್ರಿ ಹೀಗೆ ಮಾಡಿ ನೋಡಿ. ಹಾಳೆಯೊಂದರಲ್ಲಿ ಹತ್ತರಿಂದ ಆರು ಗಂಟೆಯವರೆಗೆ ಗೆರೆ ಎಳೆಯಿರಿ. ಯಾರು, ಯಾವ ಕೆಲಸಕ್ಕೆ ರೋಗಿಯನ್ನು ಮುಟ್ಟಿದರೂ ಆ ಬೆಡ್ಡಿನ ಮುಂದೆ ಒಂದು ಗುರುತು ಹಾಕಿ. ನ್ಯುಮೋನಿಯಾ ಆಗಿ ಮೂರನೇ ದಿನಕ್ಕೆ ಜ್ವರ ಬಿಟ್ಟಿರುವ ಒಬ್ಬರ ಲೆಕ್ಕ ಹೀಗಿರಬಹುದು: ಹತ್ತಕ್ಕೆ ಇಂಜೆಕ್ಷನ್, ಹನ್ನೆರಡಕ್ಕೆ ಬಿ.ಪಿ., ಒಂದಕ್ಕೆ ಡ್ರಿಪ್ ಬಾಟಲಿ ಬದಲು, ಎರಡಕ್ಕೆ ನೆಬ್ಯುಲೈಸರ್, ನಾಲ್ಕಕ್ಕೆ ಟೆಂಪರೇಚರ್, ಐದಕ್ಕೆ ರಕ್ತ, ಐದೂವರೆಗೆ ಹಾಸಿಗೆ ಬದಲು. ನಿದ್ದೆಯ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ ಒಂದೂವರೆ ಗಂಟೆ ಬೇಕು. ಈ ಮನುಷ್ಯನಿಗೆ ಎರಡು ಸುತ್ತು ಒಟ್ಟಿಗೆ ಒಮ್ಮೆಯೂ ಸಿಗಲಿಲ್ಲ. ಮೊದಲ ನಿದ್ದೆಯಲ್ಲೇ ಎಬ್ಬಿಸಿದ ರೋಗಿಗೆ ಮತ್ತೆ ನಿದ್ದೆ ಹತ್ತುವುದು ಕಷ್ಟ ಎಂದು ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಮೇಲಿನ ತಮ್ಮ ಪುಸ್ತಕದಲ್ಲಿ ಎಚ್ಚರಿಸಿದ್ದು 1859ರಲ್ಲಿ. ಸದ್ದಿನ ಬಗ್ಗೆಯೇ ಅವರು ಒಂದು ಇಡೀ ಅಧ್ಯಾಯ ಬರೆದರು.

ಈಗ ಆ ಗುರುತುಗಳನ್ನು ಒಟ್ಟುಗೂಡಿಸಿ. ಎಂಟು ಗಂಟೆಗೊಮ್ಮೆ ಕೊಡುವ ಇಂಜೆಕ್ಷನ್ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಹೊಂದಿಕೊಂಡರೆ ನಡುರಾತ್ರಿ ಖಾಲಿ. ಆರು ಗಂಟೆಗೊಮ್ಮೆ ಎಂದಿದ್ದರೆ 12ಕ್ಕೆ ಹೋಗಲೇಬೇಕು, ಹಾಗಾದರೆ ಬಿ.ಪಿ., ಟೆಂಪರೇಚರ್, ಮಗ್ಗುಲು ಬದಲಿಸುವುದು, ಯೂರಿನ್ ಬ್ಯಾಗ್ ನೋಡುವುದು ಎಲ್ಲವೂ ಅದೇ ಹೊತ್ತಿಗೆ ಆಗಲಿ. ಡ್ರಿಪ್ ಬಾಟಲಿಯನ್ನು ಹತ್ತು ಗಂಟೆಗೇ ನೋಡಿ, ನಡುರಾತ್ರಿ ಮುಗಿಯದಂತೆ ಏರ್ಪಾಡು ಮಾಡಿ. ಬಾಟಲಿ ಖಾಲಿಯಾದರೆ ಗಾಳಿ ಒಳಗೆ ಹೋಗಿಬಿಡುತ್ತದೆ ಎಂಬ ಹೆದರಿಕೆಯಲ್ಲಿ ರೋಗಿಯೂ ಜೊತೆಯವರೂ ಅದನ್ನೇ ಕಾಯುತ್ತ ಎಚ್ಚರ ಕೂರುತ್ತಾರೆ, ಗಮನಿಸಿರಬಹುದು. ರಕ್ತ ತೆಗೆಯುವುದು ಐದರ ಬದಲು ಆರಕ್ಕಾದರೆ ಲ್ಯಾಬಿಗೆ ತೊಂದರೆಯೇ ಎಂದು ಒಮ್ಮೆ ಕೇಳಿ. ಎಷ್ಟೋ ಕಡೆ ಆ ಐದು ಗಂಟೆ ಬರೀ ರೂಢಿ.

ಬಿ.ಪಿ. ನೋಡುವುದನ್ನು ನಾವೇ ಬಿಡುವ ಹಾಗಿಲ್ಲ. ಸಂಜೆ ರೌಂಡ್ಸಿನಲ್ಲಿ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ: "ಸರ್, 7ನೇ ಬೆಡ್ ಸ್ಟೇಬಲ್ ಆಗಿದ್ದಾರೆ. ರಾತ್ರಿ ಎರಡರ ವೈಟಲ್ಸ್ ಬಿಡಬಹುದಾ?" ಹೂಂ ಎಂದರೆ ಕೇಸ್ ಶೀಟಿನಲ್ಲಿ ಬರೆಸಿಕೊಳ್ಳಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಅಪಾಯ ಕಡಿಮೆ ಇರುವ ರೋಗಿಗಳನ್ನು ಹೀಗೆ ಆರಿಸಿ ರಾತ್ರಿಯ ತಪಾಸಣೆ ಕಡಿಮೆ ಮಾಡಿ ನೋಡಿದರು. ಡೆಲಿರಿಯಂ ತಗ್ಗಲಿಲ್ಲ ನಿಜ, ಆದರೆ ತಪಾಸಣೆ ಬಿಟ್ಟಿದ್ದರಿಂದ ರೋಗಿಗಳಿಗೆ ಕೇಡೂ ಆಗಲಿಲ್ಲ. ನಮ್ಮ ಡಾಕ್ಟರುಗಳೂ ಕೇಳಿದರೆ ಒಪ್ಪುತ್ತಾರೆ. ಕೇಳುವವರು ಕಡಿಮೆ, ಅಷ್ಟೇ.

ಎಬ್ಬಿಸಲೇಬೇಕಾದವರೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದವರು, ಹಾವು ಕಚ್ಚಿ ಬಂದವರು, ಅಂದೇ ಆಪರೇಷನ್ ಆದವರು, ಹೆರಿಗೆಯಾದ ಮೊದಲ ರಾತ್ರಿಯವರು, ಬಿ.ಪಿ. ಏರಿದ ಗರ್ಭಿಣಿ, ಇನ್ಸುಲಿನ್ ಮೇಲಿದ್ದು ಊಟ ಬಿಟ್ಟವರು, ಉಸಿರಾಟ ಏರುತ್ತಿರುವವರು. ಇವರ ವಿಷಯದಲ್ಲಿ ನಿದ್ದೆಯ ಮುಲಾಜು ಬೇಡವೇ ಬೇಡ. ಮಾನಿಟರ್ ಅಲಾರಾಂ ಸದ್ದು ಹೆಚ್ಚಾಯಿತೆಂದು ಆಫ್ ಮಾಡುವುದೂ ಬೇಡ. ಮಿತಿಗಳನ್ನು ರೋಗಿಗೆ ತಕ್ಕಂತೆ ಹೊಂದಿಸಿಕೊಡಿ ಎಂದು ಡಾಕ್ಟರಿಗೆ ಹೇಳಿ.

ಇನ್ನು ಮಲಗಿಸುವ ಹೊತ್ತು. ಹ್ಯಾಂಡ್‌ಓವರ್ ಮುಗಿದು ಹತ್ತರೊಳಗೆ, ಏಳಲಾಗದವರಿಗೆ ಮೊದಲು ಬೆಡ್‌ಪ್ಯಾನ್. ಬಾಯಿ ತೊಳೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮುಖ, ಕೈ, ಪಾದ ಒರೆಸಿ. ಪಾದ ಬೆಚ್ಚಗಾದರೆ ನಿದ್ದೆ ಬೇಗ ಹತ್ತುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ತಿಳಿಯದಿರಬಹುದು, ನೀರನ್ನು ನಿಮ್ಮ ಮೊಣಕೈಯಲ್ಲಿ ಮುಟ್ಟಿ ನೋಡಿ. ಬಿಸಿನೀರಿನ ಚೀಲ ಅವರ ಹತ್ತಿರ ಬೇಡ. ಬೆನ್ನಿನಡಿಯ ರೊಟ್ಟಿ ಚೂರು ಕೊಡವಿ, ಶೀಟಿನ ಸುಕ್ಕು ಎಳೆದು ಸರಿಮಾಡಿ. ಬಹಳ ದಿನದಿಂದ ಮಲಗಿದವರಿಗೆ ಬೆನ್ನು ಕೆಳಗಿನಿಂದ ಮೇಲಕ್ಕೆ ಮೂರೇ ನಿಮಿಷ ನಿಧಾನವಾಗಿ ನೀವಿದರೆ ಸಾಕು. ಇದರಲ್ಲಿ ಅರ್ಧ ಕೆಲಸವನ್ನು ಜೊತೆಗಿರುವ ಮಗಳೋ ಸೊಸೆಯೋ ಸಂತೋಷದಿಂದ ಮಾಡುತ್ತಾರೆ. ಒಂದು ದಿನ ತೋರಿಸಿಕೊಡಿ.

ಕೊನೆಗೆ ಒಂದು ಮಾತು ಹೇಳಿ ದೀಪ ಆರಿಸಿ: "ಹನ್ನೆರಡಕ್ಕೆ ಒಂದು ಸಲ ಬರ್ತೀನಿ, ಆಮೇಲೆ ಆರರವರೆಗೆ ಎಬ್ಬಿಸಲ್ಲ. ಏನಾದ್ರೂ ಆದ್ರೆ ಕರೀರಿ, ನಾನಿಲ್ಲೇ ಇದ್ದೀನಿ." ರಾತ್ರಿ ಯಾವಾಗ ಯಾರು ಬಂದು ಚುಚ್ಚುತ್ತಾರೋ ಎಂದು ಕಾಯುವವರಿಗೆ ನಿದ್ದೆ ಬರುವುದಾದರೂ ಹೇಗೆ? ಈ ಮಾತಿಗೆ ಖರ್ಚಿಲ್ಲ. ಇದರಿಂದ ಮಾತ್ರೆ ಕೇಳುವವರ ಸಂಖ್ಯೆ ಇಳಿಯುವುದನ್ನು ನೀವೇ ನೋಡುತ್ತೀರಿ.

ಟ್ಯೂಬ್‌ಲೈಟ್ ಆರಿಸಿ ಟಾರ್ಚ್ ಹಿಡಿದು ಓಡಾಡಿ, ಬೆಳಕು ನೆಲಕ್ಕೆ ಬೀಳಲಿ. ಕಿರುಗುಟ್ಟುವ ಟ್ರಾಲಿ ಚಕ್ರಕ್ಕೂ ಬಾಗಿಲಿನ ಕೀಲಿಗೂ ನಾಲ್ಕು ಹನಿ ಎಣ್ಣೆ ಹಾಕಿಸಿ. ಸ್ಟೀಲ್ ಟ್ರೇ ಕೆಳಗೆ ಬಟ್ಟೆ ಹಾಸಿ. ರಾತ್ರಿ ಅಡ್ಮಿಟ್ ಆಗಬಹುದಾದವರಿಗೆ ಬಾಗಿಲ ಹತ್ತಿರದ ಹಾಸಿಗೆ ಖಾಲಿ ಇಟ್ಟಿರಿ, ವಾರ್ಡಿನ ಕೊನೆಯವರೆಗೂ ಗದ್ದಲ ಹೋಗುವುದಿಲ್ಲ.

ಮತ್ತೆ, ಬೆಳಿಗ್ಗೆ ರಿಪೋರ್ಟ್ ಬರೆಯುವಾಗ "ಚೆನ್ನಾಗಿ ನಿದ್ದೆ ಮಾಡಿದರು" ಎಂದು ಬರೆಯುವ ಮೊದಲು ಕೇಳಿ. ಕಣ್ಣು ಮುಚ್ಚಿ ಮಲಗಿದವರೆಲ್ಲ ನಿದ್ದೆಯಲ್ಲಿರುವುದಿಲ್ಲ. ರೋಗಿ ಹೇಳುವುದಕ್ಕಿಂತ ಹೆಚ್ಚು ನಿದ್ದೆಯನ್ನು ನರ್ಸ್‌ಗಳು ಬರೆಯುತ್ತಾರೆ ಎಂದು ಅಧ್ಯಯನಗಳಲ್ಲೇ ಕಂಡಿದೆ. ರಿಚರ್ಡ್ಸ್–ಕ್ಯಾಂಪ್‌ಬೆಲ್ ಪ್ರಶ್ನಾವಳಿ ಎಂದಿದೆ, ಬರೀ ಐದು ಪ್ರಶ್ನೆ: ನಿದ್ದೆ ಗಾಢವಾಗಿತ್ತೇ, ಬೇಗ ಹತ್ತಿತೇ, ಎಷ್ಟು ಸಲ ಎಚ್ಚರವಾಯಿತು, ಎಚ್ಚರವಾದ ಮೇಲೆ ಮತ್ತೆ ಬಂತೇ, ಒಟ್ಟಾರೆ ಹೇಗಿತ್ತು. ಹಾಸಿಗೆ ಸರಿಮಾಡುತ್ತಲೇ ಕೇಳಿಬಿಡಬಹುದು.

ಪ್ರಶ್ನೆ: ಅಪ್ಪನಿಗೆ ಹಾರ್ಟ್ ವೀಕ್ ಆಗಿ ಕಾಲು ಊದಿಕೊಂಡು ಅಡ್ಮಿಟ್ ಮಾಡಿದ್ದೆವು. ಮಲಗಿದರೆ ದಮ್ಮು ಕಟ್ಟುತ್ತಿತ್ತು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ನಿದ್ದೆಗೆಂದು ಮನೆಯಲ್ಲಿ ಆಗಾಗ ತೆಗೆದುಕೊಳ್ಳುವ ಅಲ್ಪ್ರಾಜೋಲಾಂ ಮಾತ್ರೆ ಕೊಡಿ ಎಂದರೆ ಸಿಸ್ಟರ್ ಕೊಡಲೇ ಇಲ್ಲ. ಯಾಕೆ ಇಷ್ಟು ಹಟ? ಎರಡನೇ ದಿನ ವಿಪರೀತ ತಲೆನೋವು ಬೇರೆ.
— ಬೆಳೆಗಾರರು, ಬಾಳೂರು

ಉತ್ತರ: ಆ ಸಿಸ್ಟರ್ ಮಾಡಿದ್ದು ಸರಿ. ಅದು ಡಾಕ್ಟರ ಚೀಟಿ ಇಲ್ಲದೆ ಮಾರಲೂಬಾರದ ಮಾತ್ರೆ. ಹಿರಿಯರಲ್ಲಿ ಅದು ಗೊಂದಲ ತರುತ್ತದೆ, ಬಾತ್‌ರೂಮಿಗೆ ಎದ್ದವರನ್ನು ಬೀಳಿಸುತ್ತದೆ, ಶ್ವಾಸಕೋಶ ಸೋತವರಲ್ಲಿ ಉಸಿರನ್ನೇ ತಗ್ಗಿಸಬಹುದು. ನಿಮ್ಮ ತಂದೆ ಅದನ್ನು "ಆಗಾಗ" ಅಲ್ಲ, ದಿನವೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಬಹಳ ಕಾಲ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಅವರ ನಿದ್ದೆ ಕೆಡಿಸುತ್ತಿದ್ದುದು ದಮ್ಮು ಮತ್ತು ಮೂತ್ರ. ಮಂಚದ ತಲೆಭಾಗ ಎತ್ತರಿಸಿ, ಬೆನ್ನಿಗೂ ಕೈಗಳಿಗೂ ದಿಂಬು ಒತ್ತುಕೊಟ್ಟರೆ ಅರ್ಧ ಕೂತಂತೆಯೇ ನಿದ್ದೆ ಮಾಡಬಹುದು. ನೀರು ಹೋಗುವ ಮಾತ್ರೆ, ಅಂದರೆ ಲ್ಯಾಸಿಕ್ಸ್ ಬಗೆಯದು, ನುಂಗಿದ ಮೇಲೆ ಐದಾರು ಗಂಟೆ ಕೆಲಸ ಮಾಡುತ್ತದೆ. ಎರಡನೇ ಡೋಸು ರಾತ್ರಿ ಎಂಟಕ್ಕೆ ಬಿದ್ದರೆ ರಾತ್ರಿಯೆಲ್ಲ ಏಳಬೇಕಾಗುತ್ತದೆ. ಮಧ್ಯಾಹ್ನ ಎರಡು, ಮೂರಕ್ಕೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಮಂಚದ ಬದಿಯಲ್ಲೇ ಯೂರಿನ್ ಪಾಟ್ ಇರಲಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುತ್ತಿದ್ದರೆ ಅದನ್ನೂ ಹೇಳಿ.

ತಲೆನೋವಿಗೆ ಹಲವು ಕಾರಣ ಇರಬಹುದು, ಡಾಕ್ಟರೇ ನೋಡಬೇಕು. ಆದರೆ ನಮ್ಮ ಮಲೆಯವರಲ್ಲಿ ಕಾಫಿಯನ್ನು ಮರೆಯಬಾರದು. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಆಸ್ಪತ್ರೆ ಸೇರಿ ಒಮ್ಮೆಲೇ ಬಿಟ್ಟರೆ, ಒಂದು ದಿನದೊಳಗೆ ತಲೆ ಸಿಡಿಯತೊಡಗಿ ಕೆಲವು ದಿನ ಉಳಿಯುತ್ತದೆ. ಅಡ್ಮಿಟ್ ಆಗುವಾಗಲೇ ದಿನಕ್ಕೆ ಎಷ್ಟು ಲೋಟ ಎಂದು ಹೇಳಿಬಿಡಿ. ಡಾಕ್ಟರು ಬೇಡ ಎನ್ನದಿದ್ದರೆ ಬೆಳಿಗ್ಗೆ ಒಂದು ಲೋಟ ಇರಲಿ. ಮಧ್ಯಾಹ್ನದ ಮೇಲೆ ಮಾತ್ರ ಬೇಡ: ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ರೊಬಸ್ಟಾದಲ್ಲಂತೂ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್. ಮನೆಯಿಂದ ಫ್ಲಾಸ್ಕಿನಲ್ಲಿ ಸಂಜೆ ಕಾಫಿ ತಂದುಕೊಡುವ ಪ್ರೀತಿಯನ್ನು ಗಂಜಿಗೋ ಹಾಲಿಗೋ ತಿರುಗಿಸಿ.

ಪ್ರಶ್ನೆ: ಹೆಂಡತಿ ಜನರಲ್ ವಾರ್ಡಿನಲ್ಲಿದ್ದಳು. ಪಕ್ಕದ ಹಾಸಿಗೆಯವರ ನೆಂಟರು ರಾತ್ರಿ ಹನ್ನೊಂದಾದರೂ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕೂರುತ್ತಿದ್ದರು. ನಾನು ಎಸ್ಟೇಟ್ ಕೆಲಸದವನು, ಹೇಳಲು ಸಂಕೋಚ. ಯಾರಿಗೆ ಹೇಳಬೇಕು?
— ಓದುಗರು, ಕಳಸ ಸಮೀಪ

ಉತ್ತರ: ನೈಟ್ ಡ್ಯೂಟಿ ಸಿಸ್ಟರಿಗೆ ಹೇಳಿ. ಸಂಕೋಚ ಬೇಡ, ಅದು ನಿಮ್ಮ ಹೆಂಡತಿಯ ಹಕ್ಕು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸದ್ದು 40 ಡೆಸಿಬೆಲ್ ದಾಟಬಾರದು. ವಾರ್ಡಿನೊಳಗೆ ರಾತ್ರಿ 30 ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಸಾಮಾನ್ಯವಾಗಿ ಮಾತಾಡುವುದೇ 60ರ ಹತ್ತಿರ.

ನಿಮ್ಮ ನಿದ್ದೆಯನ್ನೂ ನೋಡಿಕೊಳ್ಳಿ. ಮಂಚದ ಕೆಳಗೆ ಚಾಪೆ ಹಾಸಿ ವಾರಗಟ್ಟಲೆ ಕಳೆಯುವವರು ಎಷ್ಟೋ ಮಂದಿ. ಎರಡು ರಾತ್ರಿಗೊಮ್ಮೆ ಮನೆಯವರು ಬದಲಾಗಿ. ನಿದ್ದೆಗೆಟ್ಟ ಮನುಷ್ಯ ಮಾತ್ರೆ ಕೊಡುವುದರಲ್ಲೂ ತಪ್ಪು ಮಾಡುತ್ತಾನೆ.

ಪ್ರಶ್ನೆ: ಐ.ಸಿ.ಯು.ನಲ್ಲಿ ಕಿವಿಗೆ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ ಕೊಡುತ್ತಾರಂತೆ. ನಿಜವಾಗಿ ಉಪಯೋಗವಿದೆಯೇ?
— ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಇದೆ. ಐ.ಸಿ.ಯು. ತಜ್ಞರ ಅಮೆರಿಕದ ಸಂಘ 2018ರ ಮಾರ್ಗಸೂಚಿಯಲ್ಲಿ ರಾತ್ರಿಯ ಸದ್ದು, ಬೆಳಕು ತಗ್ಗಿಸುವ ಕ್ರಮಗಳನ್ನು ಸೂಚಿಸಿದೆ. ಪುರಾವೆ ಬಲವಾಗಿಲ್ಲ ಎಂದು ಅವರೇ ಒಪ್ಪುತ್ತಾರೆ. ಆದರೆ ಖರ್ಚು ಅಲ್ಪ, ಅಪಾಯ ಇನ್ನೂ ಅಲ್ಪ. ಇಲ್ಲದಿದ್ದರೆ ಮೆತ್ತನೆಯ ಕಪ್ಪು ಬಟ್ಟೆಯನ್ನು ಸಡಿಲವಾಗಿ ಕಣ್ಣಿನ ಮೇಲೆ ಹಾಕಬಹುದು. ಕಿವಿ ಸೋರುವವರಿಗೆ, ಗೊಂದಲದಲ್ಲಿರುವವರಿಗೆ, ತಮ್ಮ ಕೈಯಿಂದಲೇ ತೆಗೆಯಲಾಗದವರಿಗೆ ಬೇಡ. ರೋಗಿಯನ್ನು ಕೇಳದೆ ಯಾರಿಗೂ ಹಾಕಬೇಡಿ.

ಪ್ರಶ್ನೆ: ಡಿಸ್ಚಾರ್ಜ್ ಆಗಿ ಎರಡು ವಾರವಾಯಿತು. ಮನೆಯಲ್ಲೂ ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೆ ಮಾಡು ನೋಡುತ್ತ ಮಲಗಿರುತ್ತೇನೆ. ಆಸ್ಪತ್ರೆಯಲ್ಲಿ ಎರಡಕ್ಕೆ ಇಂಜೆಕ್ಷನ್ ಕೊಡುತ್ತಿದ್ದರು.
— ಓದುಗರು, ಕೊಟ್ಟಿಗೆಹಾರ

ಉತ್ತರ: ದೇಹಕ್ಕೆ ಆ ಹೊತ್ತು ರೂಢಿಯಾಗಿದೆ. ರೂಢಿ ಬಿಡಿಸುವುದು ರಾತ್ರಿಯಲ್ಲಿ ಅಲ್ಲ, ಬೆಳಿಗ್ಗೆ. ನಿದ್ದೆ ಎಷ್ಟೇ ಕಡಿಮೆಯಾಗಿರಲಿ, ದಿನವೂ ಒಂದೇ ಹೊತ್ತಿಗೆ ಏಳಿ. ಎದ್ದು ಜಗುಲಿಯಲ್ಲೋ ಅಂಗಳದಲ್ಲೋ ಅರ್ಧ ಗಂಟೆ ಕೂರಿ. ಮೋಡ ಮುಚ್ಚಿದ ಮಳೆಗಾಲದ ದಿನವೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ದೇಹದ ಗಡಿಯಾರ ತಿದ್ದಿಕೊಳ್ಳುವುದು ಆ ಬೆಳಕಿನಿಂದ. ಮಧ್ಯಾಹ್ನ ಮಲಗುವುದಿದ್ದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮೀರದಂತೆ. ಡಾಕ್ಟರು ಹೇಳಿದಷ್ಟು ನಡೆಯಿರಿ.

ಎರಡಕ್ಕೆ ಎಚ್ಚರವಾದರೆ ಮೊಬೈಲ್ ಮುಟ್ಟಬೇಡಿ, ಗಡಿಯಾರ ನೋಡಬೇಡಿ. ಕಾಲಿಗೆ ಬಲವಿದ್ದರೆ ಎದ್ದು ಮಂದ ದೀಪದಲ್ಲಿ ಸ್ವಲ್ಪ ಹೊತ್ತು ಕೂತು, ಕಣ್ಣು ಎಳೆಯತೊಡಗಿದಾಗ ಮತ್ತೆ ಮಲಗಿ. ಬಲವಿಲ್ಲದಿದ್ದರೆ ಕತ್ತಲಲ್ಲಿ ಒಬ್ಬರೇ ಏಳಬೇಡಿ, ಮನೆಯವರನ್ನು ಕರೆಯಿರಿ.

ಇನ್ನೆರಡು ವಾರದಲ್ಲಿ ಸರಿಹೋಗದಿದ್ದರೆ, ಅಥವಾ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡವೆನಿಸತೊಡಗಿದರೆ ಕಾಯದೆ ಡಾಕ್ಟರಿಗೆ ತೋರಿಸಿ. ದೊಡ್ಡ ಕಾಯಿಲೆಯ ನಂತರ ಖಿನ್ನತೆ ಬರುವುದುಂಟು, ಅದಕ್ಕೆ ಚಿಕಿತ್ಸೆಯೂ ಇದೆ. ನಡುರಾತ್ರಿ ತೀರಾ ಕಷ್ಟವೆನಿಸಿದರೆ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕರೆಗೆ ಹಣವಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.